ಕನ್ನಡದ ಕಿವಿಯಿಂದ ಇಟಾಲಿಯನ್



ಮಿಲಾನೊ, ತೊರೀನೊ, ಬೊಲೊನ್ಯಾದ ವಿಶ್ವವಿದ್ಯಾಲಯಗಳಿಗೆ ಓದಲು ಹೊರಡುವ ಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ಮಂಗಳೂರಿನ ಕಡೆಯಿಂದ ರೋಮ್‌ಗೆ ಧರ್ಮಶಾಸ್ತ್ರದ ಅಧ್ಯಯನಕ್ಕೆ ಹೋಗುವ ಪಾದ್ರಿಗಳು, ಸಿಸ್ಟರ್‌ಗಳು ಇದ್ದಾರೆ. ಅಲ್ಲಿ ನೆಲೆಸಿದ ಮಗನನ್ನೋ ಮಗಳನ್ನೋ ನೋಡಿಕೊಂಡು ಬರಲು ಹೋಗುವ ತಂದೆತಾಯಿಗಳೂ ಇದ್ದಾರೆ. ಇವರಲ್ಲಿ ಬಹಳ ಮಂದಿ ಇಂಗ್ಲಿಷಿನ ಮೂಲಕ ಇಟಾಲಿಯನ್ ಕಲಿಸುವ ಪುಸ್ತಕವನ್ನೋ ಮೊಬೈಲಿನ ಪಾಠವನ್ನೋ ಹಿಡಿಯುತ್ತಾರೆ. ನಾಲ್ಕು ದಿನ ಕಳೆಯುವುದರೊಳಗೆ ಉಚ್ಚಾರಣೆ ಕಷ್ಟ, ವ್ಯಾಕರಣ ಕಷ್ಟ ಎಂದು ಪುಸ್ತಕ ಮಡಚಿಡುತ್ತಾರೆ. ಅವರಿಗೆ ನಾನು ಈ ಹೊತ್ತು ಹೇಳಬೇಕಾದ ಮಾತು ಒಂದೇ. ಇಟಾಲಿಯನ್ನಿಗೂ ನಿಮಗೂ ನಡುವೆ ಇಂಗ್ಲಿಷನ್ನು ತಂದು ನಿಲ್ಲಿಸಬೇಡಿ. ಕನ್ನಡದಿಂದಲೇ ನೇರವಾಗಿ ಹೋಗಿ. ಹಾಗೆ ಹೋದವರಿಗೆ ದಾರಿ ಅರ್ಧ ಸವೆದಿರುತ್ತದೆ.

ಮೊದಲು ಧ್ವನಿಗಳನ್ನು ನೋಡೋಣ. ಇಟಾಲಿಯನ್ ವರ್ಣಮಾಲೆಯಲ್ಲಿ ಇರುವುದು 21 ಅಕ್ಷರ. ಬರೆದದ್ದನ್ನು ಓದುವ ನಿಯಮಗಳು ಕೆಲವೇ. ಆ ನಿಯಮಗಳು ಮಾತಿಗೊಮ್ಮೆ ಬದಲಾಗುವುದಿಲ್ಲ. ಪದಗಳಲ್ಲಿ ಹೆಚ್ಚಿನವು ಸ್ವರದಲ್ಲಿ ಮುಗಿಯುತ್ತವೆ. ಬಸ್ ಎಂಬುದನ್ನು ಬಸ್ಸು ಮಾಡಿ, ಕಾರ್ ಎಂಬುದನ್ನು ಕಾರು ಮಾಡಿ ಮಾತಾಡುವ ನಮಗೆ ಇದು ಒಗ್ಗಿದ ಸಂಗತಿ. ಕಾಸಾ ಎಂದರೆ ಮನೆ, ಲೀಬ್ರೊ ಎಂದರೆ ಪುಸ್ತಕ, ನೊತ್ತೆ ಎಂದರೆ ರಾತ್ರಿ. ಕೊನೆಯ ಸ್ವರವನ್ನು ನುಂಗದೆ ಪೂರ್ತಿ ಹೇಳಿದರೆ ಸಾಕು, ಕೇಳುವವರಿಗೆ ಅರ್ಥವಾಗುತ್ತದೆ.

ಇಟಾಲಿಯನ್ನಿನ ತಕಾರ, ದಕಾರಗಳು ದಂತ್ಯ ಧ್ವನಿಗಳು. ನಾಲಗೆಯ ತುದಿ ಹಲ್ಲಿಗೆ ತಾಗಬೇಕು. ಇಂಗ್ಲಿಷಿನ ಹಾದಿಯಲ್ಲಿ ಬಂದ ಹೆಸರುಗಳನ್ನು ನಾವು ಟಕಾರ, ಡಕಾರ ಹಾಕಿ ಬರೆಯುತ್ತ ಬಂದಿದ್ದೇವೆ. ಡಾಂಟೆ ಎಂದು ನಾವು ಬರೆಯುವ ಮಹಾಕವಿ ಅವನ ಊರಿನಲ್ಲಿ ದಾಂತೆ. ಲಿಯೊನಾರ್ಡೊ ಡಾ ವಿನ್ಸಿ ಅಲ್ಲಿ ಲೆಯೊನಾರ್ದೊ ದಾ ವಿಂಚಿ. ಇಂಗ್ಲಿಷ್ ಮಾತಿನ ಮಂದಿ ಈ ದಂತ್ಯ ಧ್ವನಿಗಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕಾಗುತ್ತದೆ. ನಮಗೆ ಅದು ತಾಯಿ, ತಂದೆ, ದಾರಿ ಎನ್ನುವಾಗಲೇ ಬಂದಿದೆ. ಖ, ಘ, ಥ, ಧ ಮುಂತಾದ ಮಹಾಪ್ರಾಣಗಳು ಇಟಾಲಿಯನ್ನಿನಲ್ಲಿ ಇಲ್ಲ.

ಇನ್ನೂ ದೊಡ್ಡ ಅನುಕೂಲ ನಮ್ಮ ಒತ್ತಕ್ಷರದ್ದು. ಕತೆ ಬೇರೆ, ಕತ್ತೆ ಬೇರೆ. ಎಲೆ ಬೇರೆ, ಎಲ್ಲೆ ಬೇರೆ. ಇಟಾಲಿಯನ್ ನಡೆಯುವುದೂ ಇದೇ ಭೇದದ ಮೇಲೆ. ಸೇತೆ ಎಂದರೆ ಬಾಯಾರಿಕೆ, ಸೆತ್ತೆ ಎಂದರೆ ಏಳು. ನೋನೊ ಎಂದರೆ ಒಂಬತ್ತನೆಯದು, ನೊನ್ನೊ ಎಂದರೆ ಅಜ್ಜ. ಕಪೆಲ್ಲೊ ಎಂದರೆ ಕೂದಲು, ಕಪ್ಪೆಲ್ಲೊ ಎಂದರೆ ಟೋಪಿ. ಕಾಸಾ ಎಂದರೆ ಮನೆ, ಕಸ್ಸಾ ಎಂದರೆ ಅಂಗಡಿಯಲ್ಲಿ ದುಡ್ಡು ಕಟ್ಟುವ ಗಲ್ಲಾ. ಬಲಕೊಟ್ಟು ಹೇಳುವ ಸ್ವರದ ನಂತರ ಒಂದೇ ವ್ಯಂಜನ ಇದ್ದಾಗ ಆ ಸ್ವರವನ್ನು ಎಳೆಯಬೇಕು, ಒತ್ತು ಇದ್ದಾಗ ಸ್ವರವನ್ನು ಮೊಟಕು ಮಾಡಿ ವ್ಯಂಜನದ ಮೇಲೆ ನಿಲ್ಲಬೇಕು. ಈ ಕಾರಣಕ್ಕೇ ನಿಮ್ಮ ನೋಟ್‌ಬುಕ್ಕಿನಲ್ಲಿ ಇಟಾಲಿಯನ್ ಪದಗಳ ಪಕ್ಕದಲ್ಲಿ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಹ್ರಸ್ವ, ದೀರ್ಘ, ಒತ್ತು ಮೂರನ್ನೂ ಸ್ಪಷ್ಟವಾಗಿ ತೋರಿಸುವ ಲಿಪಿ ನಮ್ಮ ಕೈಯಲ್ಲೇ ಇದೆ.

ಓದುವಾಗ ನೆನಪಿಡಬೇಕಾದ ನಿಯಮ ಮುಖ್ಯವಾಗಿ ಸಿ ಮತ್ತು ಜಿ ಅಕ್ಷರಗಳದು. ಇವುಗಳ ಮುಂದೆ ಎ ಅಥವಾ ಇ ಸ್ವರ ಬಂದರೆ ಚಕಾರ, ಜಕಾರ; ಬೇರೆ ಸ್ವರ ಬಂದರೆ ಕಕಾರ, ಗಕಾರ. ನಡುವೆ ಹೆಚ್ ಅಕ್ಷರ ಸೇರಿಕೊಂಡರೆ ಮತ್ತೆ ಕಕಾರ, ಗಕಾರವೇ. ಆ ಹೆಚ್‌ಗೆ ತನ್ನದೇ ಉಚ್ಚಾರಣೆ ಇಲ್ಲ. ಜಿ ಮತ್ತು ಎನ್ ಕೂಡಿ ಬಂದಾಗ ಹೊರಡುವ ಧ್ವನಿ ನಮ್ಮ ವರ್ಣಮಾಲೆಯ ಚವರ್ಗದ ಕೊನೆಯಲ್ಲಿ ಕುಳಿತಿರುವ ಞ. ಜಡ್ ಅಕ್ಷರ ಸಾಮಾನ್ಯವಾಗಿ ತ್ಸ ಎಂದೋ ದ್ಜ ಎಂದೋ ಕೇಳಿಸುತ್ತದೆ. ನಾವು ಪಿಜ್ಜಾ ಎನ್ನುವುದು ಅಲ್ಲಿ ಪಿತ್ಸಾ. ಇಷ್ಟು ಗೊತ್ತಾದರೆ ಇಟಲಿಯ ಬಹುಪಾಲು ಅಂಗಡಿಗಳ ಬೋರ್ಡನ್ನು ಗಟ್ಟಿಯಾಗಿ ಓದಬಹುದು.

ಈಗ ಮಾತಿಗೆ ಬರೋಣ. ಇಟಲಿಯಲ್ಲಿ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಒಳಗಿದ್ದವರಿಗೆ ನಮಸ್ಕಾರ ಹೇಳುವುದು ವಾಡಿಕೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬ್ವೊಂಜೊರ್ನೊ. ಮಧ್ಯಾಹ್ನ ಕಳೆದು ಹೊತ್ತು ಇಳಿದ ಮೇಲೆ ಬ್ವೊನಸೇರಾ. ಯಾವ ಗಳಿಗೆಯಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು ಎಂಬುದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾಗುತ್ತದೆ. ಬ್ವೊನನೊತ್ತೆ ಎನ್ನುವುದು ಮಲಗಲು ಹೋಗುವಾಗ ಮಾತ್ರ. ಹೊರಡುವಾಗ ಅರ್ರಿವೆದೆರ್ಚಿ, ಹೋಗಿಬರುತ್ತೇನೆ ಎಂದಂತೆ. ಎಲ್ಲರಿಗೂ ಗೊತ್ತಿರುವ ಚಾವೊ ಸ್ನೇಹಿತರಿಗೆ, ಮನೆಯವರಿಗೆ, ಮಕ್ಕಳಿಗೆ ಹೇಳುವ ಮಾತು. ಪ್ರಾಧ್ಯಾಪಕರಿಗೆ, ಬ್ಯಾಂಕಿನವರಿಗೆ, ವಯಸ್ಸಾದ ಅಪರಿಚಿತರಿಗೆ ಚಾವೊ ಎನ್ನಬಾರದು.

ಇಲ್ಲಿ ಗೌರವದ ವಿಷಯ ಬಂತು. ಇಂಗ್ಲಿಷಿನ ಒಂದೇ ‘ಯೂ’ ಹಿಡಿದುಕೊಂಡು ಹೋದವರು ಎಡವುವುದು ಇಲ್ಲೇ. ಕನ್ನಡದಲ್ಲಿ ನೀನು, ನೀವು ಇರುವ ಹಾಗೆ ಇಟಾಲಿಯನ್ನಿನಲ್ಲಿ ತು ಮತ್ತು ಲೇಯ್ ಇವೆ. ತು ಏಕವಚನ, ಸಲಿಗೆಯದು. ಲೇಯ್ ಗೌರವದ್ದು; ಅದರ ಮೂಲ ಅರ್ಥ ‘ಅವಳು’, ಎದುರಿಗಿರುವವರು ಗಂಡಸಾದರೂ ಅದೇ ಪದ, ಕ್ರಿಯಾಪದವೂ ಅದಕ್ಕೆ ತಕ್ಕಂತೆ. ಫ್ಯಾಸಿಸ್ಟ್ ಸರ್ಕಾರ 1938ರಲ್ಲಿ ಈ ಲೇಯ್ ಬಳಕೆಯನ್ನು ತಡೆದು ಬಹುವಚನದ ವೊಯ್ ಎನ್ನಿ ಎಂದು ಕಟ್ಟಪ್ಪಣೆ ಮಾಡಿತ್ತು. ಸರ್ಕಾರ ಬಿತ್ತು, ಲೇಯ್ ಉಳಿಯಿತು. ದಕ್ಷಿಣದ ಕೆಲವೆಡೆ ಹಳಬರ ಬಾಯಲ್ಲಿ ವೊಯ್ ಅದಕ್ಕೂ ಮೊದಲಿನಿಂದ ಇತ್ತು, ಈಗಲೂ ಕೇಳಿಸುತ್ತದೆ.

ಈ ಭೇದ ಕ್ಷಮೆ ಕೇಳುವಾಗಲೂ ಬರುತ್ತದೆ. ಗೆಳೆಯನಾದರೆ ಸ್ಕೂಜಾ, ಅಪರಿಚಿತರಾದರೆ ಸ್ಕೂಜಿ. ದಾರಿ ಕೇಳಲು ಯಾರನ್ನಾದರೂ ನಿಲ್ಲಿಸಬೇಕಾದರೂ ಸ್ಕೂಜಿ ಎಂದೇ ಆರಂಭಿಸಬೇಕು. ಹೇಗಿದ್ದೀಯ ಎನ್ನಲು ಕೋಮೆ ಸ್ತಾಯ್, ಹೇಗಿದ್ದೀರಿ ಎನ್ನಲು ಕೋಮೆ ಸ್ತಾ. ನಮ್ಮಲ್ಲಿ ಸಾರ್, ಮೇಡಂ ಇರುವಂತೆ ಅಲ್ಲಿ ಸಿಞೋರೆ, ಸಿಞೋರಾ. ಪದವಿ ಪಡೆದವರೆಲ್ಲ ಅಲ್ಲಿ ದೊತ್ತೋರೆ, ಹೆಂಗಸಾದರೆ ದೊತ್ತೊರೆಸ್ಸಾ. ವೈದ್ಯರೇ ಆಗಿರಬೇಕಿಲ್ಲ. ಯಾರನ್ನು ಹೇಗೆ ಮಾತಾಡಿಸಬೇಕು ಎಂದು ತೂಗಿ ನೋಡುವ ಅಭ್ಯಾಸ ಕನ್ನಡಿಗರಿಗೆ ಹುಟ್ಟಿನಿಂದಲೇ ಇದೆ. ಅದನ್ನು ಇಟಲಿಗೂ ಕೊಂಡೊಯ್ಯಿರಿ.

ಮರ್ಯಾದೆಯ ಪದಗಳಲ್ಲಿ ನಾಲ್ಕನ್ನು ಮೊದಲ ದಿನವೇ ಬಾಯಿಪಾಠ ಮಾಡಬೇಕು. ಪೆರ್ ಫವೋರೆ, ದಯವಿಟ್ಟು. ಗ್ರಾತ್ಸಿಯೆ, ಧನ್ಯವಾದ. ಇದರ ಕೊನೆಯ ಎಕಾರವನ್ನು ಬಿಟ್ಟು ಗ್ರಾತ್ಸಿ ಎನ್ನುವುದು ವಿದೇಶಿಯರ ರೂಢಿ; ನೀವು ಪೂರ್ತಿ ಹೇಳಿ. ಮೂರನೆಯದು ಪ್ರೇಗೊ. ಧನ್ಯವಾದಕ್ಕೆ ಉತ್ತರವಾಗಿ ಪ್ರೇಗೊ, ಬಾಗಿಲಲ್ಲಿ ನೀವು ಮೊದಲು ಹೋಗಿ ಎನ್ನಲು ಪ್ರೇಗೊ, ಕುಳಿತುಕೊಳ್ಳಿ ಎನ್ನಲು ಪ್ರೇಗೊ, ಏನು ಬೇಕಿತ್ತು ಎಂದು ಅಂಗಡಿಯವನು ಕೇಳುವುದೂ ಪ್ರೇಗೊ. ನಾಲ್ಕನೆಯದು ಪೆರ್ಮೆಸ್ಸೊ. ಒಬ್ಬರ ಮನೆಯೊಳಗೆ ಕಾಲಿಡುವಾಗ ಅದನ್ನು ಹೇಳಬೇಕು, ತುಂಬಿದ ಬಸ್ಸಿನಲ್ಲಿ ಜಾಗ ಮಾಡಿಕೊಂಡು ಇಳಿಯುವಾಗಲೂ ಹೇಳಬೇಕು. ಮನೆಯವರು ಅದಕ್ಕೆ ಅವಾಂತಿ ಎಂದು ಉತ್ತರಿಸಿದರೆ ಒಳಗೆ ಬನ್ನಿ ಎಂದರ್ಥ.

ಪರಿಚಯಕ್ಕೆ ಮೂರು ವಾಕ್ಯ ಸಾಕು. ಮಿ ಕಿಯಾಮೊ ಎಂದು ಹೇಳಿ ನಿಮ್ಮ ಹೆಸರು ಸೇರಿಸಿ. ನಾನು ಭಾರತೀಯ ಎನ್ನಲು ಗಂಡಸಾದರೆ ಸೋನೊ ಇಂದಿಯಾನೊ, ಹೆಂಗಸಾದರೆ ಸೋನೊ ಇಂದಿಯಾನಾ. ನಿಮ್ಮನ್ನು ಕಂಡು ಸಂತೋಷವಾಯಿತು ಎನ್ನಲು ಪಿಯಚೇರೆ. ಇವುಗಳಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುವ ವಾಕ್ಯಗಳು ಇನ್ನೂ ಮೂರಿವೆ. ನೊನ್ ಕಪೀಸ್ಕೊ, ಅರ್ಥವಾಗಲಿಲ್ಲ. ಪ್ಯೂ ಪಿಯಾನೊ, ಪೆರ್ ಫವೋರೆ, ಸ್ವಲ್ಪ ನಿಧಾನವಾಗಿ ಹೇಳಿ. ಪ್ವೊ ರಿಪೇತೆರೆ, ಮತ್ತೊಮ್ಮೆ ಹೇಳುತ್ತೀರಾ. ಅರ್ಥವಾಗದಿದ್ದಾಗ ಸುಮ್ಮನೆ ತಲೆಯಾಡಿಸುವ ಅಭ್ಯಾಸ ಬಹಳ ಜನಕ್ಕಿದೆ. ಅದು ಕಲಿಕೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಈ ಮೂರು ವಾಕ್ಯಗಳನ್ನು ಧೈರ್ಯವಾಗಿ ಆಡುವವರಿಗೆ ಪ್ರತಿಯೊಬ್ಬ ಇಟಾಲಿಯನ್ನನೂ ಮೇಷ್ಟರಾಗುತ್ತಾನೆ.

ಓಡಾಟದ ಪದಗಳನ್ನು ಓಡಾಟದ ಕ್ರಮದಲ್ಲೇ ಕಲಿಯಬೇಕು. ಸ್ತತ್ಸಿಯೋನೆ ಎಂದರೆ ಸ್ಟೇಷನ್, ತ್ರೇನೊ ಎಂದರೆ ರೈಲು, ಬಿನಾರಿಯೊ ಎಂದರೆ ಪ್ಲಾಟ್‌ಫಾರಂ, ಬಿಲ್ಯೆತ್ತೊ ಎಂದರೆ ಟಿಕೆಟ್. ಎಲ್ಲಿದೆ ಎನ್ನಲು ದೊವೆ. ದೊವೆ ಲಾ ಸ್ತತ್ಸಿಯೋನೆ, ಸ್ಟೇಷನ್ ಎಲ್ಲಿದೆ. ಬೋರ್ಡಿನ ಮೇಲೆ ರಿತಾರ್ದೊ ಎಂದಿದ್ದರೆ ರೈಲು ತಡ, ಶೋಪೆರೊ ಎಂದಿದ್ದರೆ ಮುಷ್ಕರ. ಉಶೀತಾ ಎಂದರೆ ಹೊರಹೋಗುವ ದಾರಿ. ಬಾಗಿಲ ಮೇಲೆ ಸ್ಪಿಂಜೆರೆ ಎಂದಿದ್ದರೆ ತಳ್ಳಿ, ತಿರಾರೆ ಎಂದಿದ್ದರೆ ಎಳೆಯಿರಿ. ಗ್ವಾಸ್ತೊ ಎಂಬ ಚೀಟಿ ಅಂಟಿಸಿದ್ದರೆ ಯಂತ್ರ ಕೆಟ್ಟಿದೆ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆತರೆ ದಂಡ. ಅಪಾಯದಲ್ಲಿ ಸಹಾಯಕ್ಕೆ ಕೂಗುವ ಪದ ಆಯೂತೊ, ತುರ್ತು ಕರೆಯ ಸಂಖ್ಯೆ 112.

ಇಂಗ್ಲಿಷ್ ಬಲ್ಲವರು ಮೋಸಹೋಗುವ ಒಂದು ಪದವನ್ನು ಎಚ್ಚರಿಕೆಗಾಗಿ ಹೇಳುತ್ತೇನೆ. ‘ಕೋಲ್ಡ್’ನಂತೆ ಕೇಳಿಸುವ ಕಾಲ್ದೊ ಎಂದರೆ ಬಿಸಿ, ತಣ್ಣಗಿರುವುದು ಫ್ರೆದ್ದೊ. ಸ್ನಾನದ ಮನೆಯ ನಲ್ಲಿಯ ಮೇಲೆ ಸಿ ಅಕ್ಷರ ಇದ್ದರೆ ಬರುವುದು ಬಿಸಿನೀರು.

ಕಾಫಿ ಕುಡಿಯಲು ಹೋಗುವ ಜಾಗಕ್ಕೆ ಅಲ್ಲಿ ಬಾರ್ ಎಂದೇ ಹೆಸರು. ಸ್ಟೇಷನ್ನಿನಂಥ ಗದ್ದಲದ ಕಡೆ ಮೊದಲು ಕಸ್ಸಾದಲ್ಲಿ ದುಡ್ಡು ಕಟ್ಟಿ, ಸ್ಕೊಂತ್ರೀನೊ ಎಂಬ ರಸೀದಿ ಹಿಡಿದು ಕೌಂಟರಿಗೆ ಹೋಗಬೇಕು. ವೊರ್ರೇಯ್ ಉನ್ ಕಫ್ಫೆ, ನನಗೊಂದು ಕಾಫಿ ಬೇಕಿತ್ತು. ಈ ವೊರ್ರೇಯ್ ಎಂಬ ರೂಪದಲ್ಲಿ ‘ಬೇಕಿತ್ತು’ ಎಂಬುದರ ನಯ ಇದೆ. ವೋಲ್ಯೊ ಎಂದರೆ ‘ಬೇಕು’ ಎಂದು ನೇರವಾಗಿ ಹೇಳಿದಂತೆ. ಲತ್ತೆ ಎಂದಷ್ಟೇ ಕೇಳಿದರೆ ಒಂದು ಲೋಟ ಹಾಲು ಬರುತ್ತದೆ. ಬೆಲೆ ಎಷ್ಟು ಎನ್ನಲು ಕ್ವಾಂತೊ ಕೊಸ್ತಾ, ಊಟ ಮುಗಿದ ಮೇಲೆ ಬಿಲ್ಲು ಕೇಳಲು ಇಲ್ ಕೊಂತೊ, ಪೆರ್ ಫವೋರೆ.

ನಮ್ಮಲ್ಲಿ ಸಸ್ಯಾಹಾರಿಗಳು ಬಹಳ ಇರುವುದರಿಂದ ಅವರಿಗೆ ಬೇಕಾದ ಪದಗಳನ್ನು ಬಿಡಿಸಿ ಹೇಳಬೇಕು. ಸೋನೊ ವೆಜೆತರಿಯಾನೊ, ಹೆಂಗಸರಾದರೆ ವೆಜೆತರಿಯಾನಾ. ಅಷ್ಟಕ್ಕೇ ನಿಲ್ಲದೆ ಸೆಂತ್ಸಾ ಎಂಬ ಪದ ಕಲಿಯಿರಿ, ಇಲ್ಲದೆ ಎಂದರ್ಥ. ಸೆಂತ್ಸಾ ಕಾರ್ನೆ, ಮಾಂಸ ಇಲ್ಲದೆ. ಸೆಂತ್ಸಾ ಪೆಶ್ಶೆ, ಮೀನು ಇಲ್ಲದೆ. ಸೆಂತ್ಸಾ ವೋವಾ, ಮೊಟ್ಟೆ ಇಲ್ಲದೆ. ತರಕಾರಿ ಸೂಪನ್ನೂ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವುದುಂಟು. ಆ ನೀರಿಗೆ ಬ್ರೋದೊ ದಿ ಕಾರ್ನೆ ಎನ್ನುತ್ತಾರೆ. ಕೆಲವು ರೊಟ್ಟಿಗಳಿಗೆ ಹಂದಿಯ ಕೊಬ್ಬು ಹಾಕುತ್ತಾರೆ, ಅದಕ್ಕೆ ಸ್ತ್ರುತ್ತೊ ಎಂದು ಹೆಸರು. ಹೆಸರಾಂತ ಪರ್ಮಿಜಾನೊ ಚೀಸನ್ನು ಗಟ್ಟಿಮಾಡಲು ಬಳಸುವ ಹೆಪ್ಪು ಕರುವಿನ ಜಠರದಿಂದ ತೆಗೆದದ್ದು. ಇದನ್ನೆಲ್ಲ ತಿಳಿದುಕೊಂಡೇ ಆರಿಸುವುದು ಒಳ್ಳೆಯದು. ಪೆಪೆರೋನಿ ಎಂದರೆ ಇಟಲಿಯಲ್ಲಿ ದೊಣ್ಣೆ ಮೆಣಸಿನಕಾಯಿ, ಹೆದರಬೇಕಾಗಿಲ್ಲ. ಖಾರ ಬೇಕಾದವರು ಪೆಪೆರೊಂಚೀನೊ ಕೇಳಬೇಕು, ಅದು ಖಾರದ ಮೆಣಸಿನಕಾಯಿ.

ಇನ್ನು ಅಂಕಿಗಳು. ಊನೊ, ದೂಎ, ತ್ರೆ, ಕ್ವತ್ತ್ರೊ, ಚಿಂಕ್ವೆ, ಸೇಯ್, ಸೆತ್ತೆ, ಒತ್ತೊ, ನೋವೆ, ದಿಯೇಚಿ. ದ್ವಿ, ತ್ರಿ, ಸಪ್ತ, ಅಷ್ಟ, ನವ, ದಶ ಎಂಬ ಸಂಸ್ಕೃತ ಪದಗಳು ಕನ್ನಡಿಗರ ನಾಲಗೆಯ ಮೇಲೂ ಇವೆಯಲ್ಲ. ಹೋಲಿಕೆ ತಾನಾಗಿ ಕಾಣುತ್ತದೆ. ಇದನ್ನು ಮೊದಲು ಬರೆದಿಟ್ಟವರಲ್ಲಿ ಫ್ಲಾರೆನ್ಸ್ ನಗರದ ವರ್ತಕ ಫಿಲಿಪ್ಪೊ ಸಸ್ಸೆತ್ತಿ ಒಬ್ಬ. ಆತ 1580ರ ದಶಕದಲ್ಲಿ ಕೊಚ್ಚಿ, ಗೋವೆಗಳಲ್ಲಿ ವ್ಯಾಪಾರ ಮಾಡಿಕೊಂಡಿದ್ದು, 1588ರಲ್ಲಿ ಗೋವೆಯಲ್ಲೇ ತೀರಿಕೊಂಡ. ಊರಿಗೆ ಬರೆದ ಪತ್ರಗಳಲ್ಲಿ ಸಂಸ್ಕೃತದ ಅಂಕಿಗಳೂ ದೇವ, ಸರ್ಪ ಎಂಬ ಪದಗಳೂ ತನ್ನ ಭಾಷೆಯ ಪದಗಳಿಗೆ ಹತ್ತಿರವಾಗಿವೆ ಎಂದು ಗುರುತಿಸಿದ. ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಆ ನಂಟನ್ನು ವಿದ್ವತ್ತಿನ ಮಾತಿನಲ್ಲಿ ಹೇಳುವುದಕ್ಕೆ ಇನ್ನೂರು ವರ್ಷ ಮೊದಲಿನ ಮಾತು ಇದು. ಕಿವಿಗೊಟ್ಟು ಕೇಳುವ ಒಬ್ಬ ವರ್ತಕ ಅಷ್ಟು ಕಂಡುಕೊಂಡ.

ವ್ಯಾಕರಣದಲ್ಲಿಯೂ ಕನ್ನಡ ಕೈಹಿಡಿಯುವ ಕಡೆಗಳಿವೆ. ‘ಮಾತಾಡುತ್ತೇನೆ’ ಎಂದರೆ ಸಾಕು, ನಾನು ಎಂದು ಹೇಳಬೇಕಾಗಿಲ್ಲ. ಇಟಾಲಿಯನ್ನಿನಲ್ಲಿ ಪಾರ್ಲೊ ಎಂದರೆ ಮಾತಾಡುತ್ತೇನೆ, ಪಾರ್ಲಿ ಎಂದರೆ ಮಾತಾಡುತ್ತೀಯೆ, ಪರ್ಲಿಯಾಮೊ ಎಂದರೆ ಮಾತಾಡುತ್ತೇವೆ. ಕರ್ತೃ ಯಾರೆಂಬುದು ಪ್ರತ್ಯಯದಲ್ಲೇ ಇದೆ. ‘ನನಗೆ ಕಾಫಿ ಇಷ್ಟ’ ಎಂಬ ನಮ್ಮ ವಾಕ್ಯದಲ್ಲಿ ಕಾಫಿ ಕರ್ತೃ, ನಾನು ಚತುರ್ಥಿಯಲ್ಲಿ ಇದ್ದೇನೆ. ಇಟಾಲಿಯನ್ನಿನ ಮಿ ಪಿಯಾಚೆ ಇಲ್ ಕಫ್ಫೆ ಇದೇ ಕಟ್ಟಿನ ವಾಕ್ಯ. ಇಂಗ್ಲಿಷಿನ ಮೂಲಕ ಬಂದವರಿಗೆ ಇದು ತಲೆಕೆಳಗಾದ ರಚನೆಯಾಗಿ ಕಾಣುತ್ತದೆ. ಕನ್ನಡದ ಮಗುವಿಗೆ ಅದು ದಿನನಿತ್ಯದ ಮಾತು.

ಕಷ್ಟ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇಟಾಲಿಯನ್ನಿನಲ್ಲಿ ನಪುಂಸಕ ಲಿಂಗವಿಲ್ಲ. ಪುಸ್ತಕ ಪುಲ್ಲಿಂಗ, ಮನೆ ಸ್ತ್ರೀಲಿಂಗ. ಒಕಾರದಲ್ಲಿ ಮುಗಿದರೆ ಬಹುಮಟ್ಟಿಗೆ ಪುಲ್ಲಿಂಗ, ಆಕಾರದಲ್ಲಿ ಮುಗಿದರೆ ಬಹುಮಟ್ಟಿಗೆ ಸ್ತ್ರೀಲಿಂಗ, ಎಕಾರದಲ್ಲಿ ಮುಗಿದರೆ ಎರಡೂ ಆಗಬಹುದು. ಕೈ ಎಂಬರ್ಥದ ಮಾನೊ ಸ್ತ್ರೀಲಿಂಗ, ಪ್ರೊಬ್ಲೇಮಾ ಪುಲ್ಲಿಂಗ. ಇದಕ್ಕೆ ಒಂದೇ ಉಪಾಯ: ಪದವನ್ನು ಒಂಟಿಯಾಗಿ ಕಲಿಯದೆ ಅದಕ್ಕೆ ಮೊದಲು ಬರುವ ಇಲ್, ಲಾ ಮುಂತಾದ ಉಪಪದದ ಜೊತೆಗೇ ಕಲಿಯುವುದು. ಇಲ್ ಲೀಬ್ರೊ, ಲಾ ಕಾಸಾ, ಲಾ ಮಾನೊ. ನಮ್ಮ ವಿಭಕ್ತಿ ಪ್ರತ್ಯಯಗಳ ಕೆಲಸವನ್ನು ಅಲ್ಲಿ ನಾಮಪದಕ್ಕೆ ಮೊದಲು ನಿಲ್ಲುವ ಪುಟ್ಟ ಪದಗಳು ಮಾಡುತ್ತವೆ. ಅವನ್ನೂ ವಾಕ್ಯಗಳಲ್ಲೇ ಕಲಿಯಬೇಕು.

ಇಷ್ಟು ವಯಸ್ಸಾದ ಮೇಲೆ ಹೊಸ ಭಾಷೆಯೇ ಎಂದು ಹಿಂಜರಿಯುವವರಿಗೆ ಇಟಲಿಯ ಚರಿತ್ರೆಯೇ ಉತ್ತರ ಕೊಡುತ್ತದೆ. ದಾಂತೆ 1321ರಲ್ಲಿ ತೀರಿಕೊಂಡಾಗ ಇಟಾಲಿಯನ್ನಿಗೆ ಬುನಾದಿಯಾದ ತೊಸ್ಕಾನಾ ಪ್ರಾಂತ್ಯದ ಆಡುಮಾತಿಗೆ ಮಹಾಕಾವ್ಯದ ಪಟ್ಟ ಸಿಕ್ಕಿತ್ತು. ಫ್ಲಾರೆನ್ಸಿನ ಅಕ್ಕದೇಮಿಯಾ ದೆಲ್ಲಾ ಕ್ರುಸ್ಕಾ ಎಂಬ ವಿದ್ವತ್ ಸಂಸ್ಥೆ 1612ರಲ್ಲಿ ಆ ಭಾಷೆಯ ದೊಡ್ಡ ನಿಘಂಟನ್ನು ಪ್ರಕಟಿಸಿತು. ಆದರೂ 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಆಡಬಲ್ಲವರು ನೂರಕ್ಕೆ ಎರಡೂವರೆ ಮಂದಿ ಎಂದು ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ ಅಂದಾಜು ಮಾಡಿದರು. ಬೇರೆಯವರ ಲೆಕ್ಕವೂ ಹತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದವರು ಆಡುತ್ತಿದ್ದುದು ವೆನಿಸಿನ, ನೇಪಲ್ಸಿನ, ಸಿಸಿಲಿಯ ಮಾತುಗಳನ್ನು. ಕಾದಂಬರಿಕಾರ ಅಲೆಸ್ಸಾಂದ್ರೊ ಮಂತ್ಸೋನಿ ಮಿಲಾನೊದವನು. 1827ರಲ್ಲಿ ಹೊರಬಂದ ತನ್ನ ಕಾದಂಬರಿಯನ್ನು ಫ್ಲಾರೆನ್ಸಿನ ಜನ ಆಡುವ ಮಾತಿಗೆ ಹೊಂದುವಂತೆ ತಿದ್ದಿ, 1840ರಿಂದ ಮತ್ತೆ ಪ್ರಕಟಿಸಿದ. ಅಂಥ ದೊಡ್ಡ ಲೇಖಕನೂ ಆ ಭಾಷೆಯನ್ನು ಕೂತು ಕಲಿತವನೇ.

ಜನಸಾಮಾನ್ಯರಿಗೆ ಆ ಭಾಷೆ ತಲುಪಿದ್ದು ಶಾಲೆ, ಸೈನ್ಯ, ವಲಸೆ, ಪತ್ರಿಕೆಗಳ ಜೊತೆಗೆ ಬಾನುಲಿ ಮತ್ತು ದೂರದರ್ಶನದಿಂದ. 1960ರಿಂದ 1968ರವರೆಗೆ ಆಲ್ಬೆರ್ತೊ ಮಾಂತ್ಸಿ ಎಂಬ ಶಾಲಾ ಮೇಷ್ಟರು ಅಲ್ಲಿನ ದೂರದರ್ಶನದಲ್ಲಿ ಅಕ್ಷರ ಬಾರದ ವಯಸ್ಕರಿಗೆ ಓದು ಬರಹ ಕಲಿಸಿದರು. ದೊಡ್ಡ ಹಾಳೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತ ಪಾಠ ಹೇಳುತ್ತಿದ್ದರು. ಆ ಕಾರ್ಯಕ್ರಮದ ಹೆಸರು ನೊನ್ ಏ ಮಾಯ್ ತ್ರೊಪ್ಪೊ ತಾರ್ದಿ, ಎಂದಿಗೂ ತಡವಾಗಿಲ್ಲ. ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿದು ಬಂದ ಜನ ಸಂಜೆ ಕೂತು ಕಲಿತರು. ಅವರ ಮೊಮ್ಮಕ್ಕಳೇ ಇವತ್ತು ನಿಮ್ಮ ತೊದಲು ಇಟಾಲಿಯನ್ನಿಗೆ ಉತ್ತರ ಕೊಡುವವರು.

ಎಷ್ಟು ಪದ ಕಲಿಯಬೇಕು? ದೆ ಮೌರೊ ಅವರೇ 1980ರಲ್ಲಿ ಇಟಾಲಿಯನ್ನಿನ ಮೂಲ ಪದಗಳ ಪಟ್ಟಿ ಮಾಡಿದರು. ಅದರಲ್ಲಿ ಸುಮಾರು 7000 ಪದಗಳಿವೆ. ಅವುಗಳಲ್ಲಿಯೂ ತೀರ ಅಗತ್ಯವಾದವು ಸುಮಾರು 2000. ಜನ ಆಡುವ, ಬರೆಯುವ ಮಾತಿನ ಬಹುಪಾಲು ಇವುಗಳಿಂದಲೇ ಆಗಿರುತ್ತದೆ. ಆದ್ದರಿಂದ ಹೂವು ಹಕ್ಕಿಗಳ ಹೆಸರಿನ ಪಟ್ಟಿ ಹಿಡಿಯುವ ಮೊದಲು ಹೋಗು, ಬಾ, ಕೊಡು, ಮಾಡು, ಇದೆ, ಬೇಕು, ಎಲ್ಲಿ, ಯಾವಾಗ, ಏಕೆ ಎಂಬುವನ್ನು ಗಟ್ಟಿಮಾಡಿಕೊಳ್ಳಿ.

ಕಲಿಯುವ ರೀತಿಗೆ ನಮ್ಮ ಹಳೆಯ ಪದ್ಧತಿಯೇ ಉತ್ತಮ. ರೋಮ್ ನಗರದ ಪ್ರವಾಸಿ ಪಿಯೇತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರದ ಜೊತೆ ಇಕ್ಕೇರಿಗೆ, ವೆಂಕಟಪ್ಪ ನಾಯಕನ ರಾಜ್ಯಕ್ಕೆ ಬಂದಿದ್ದ. ದಾರಿಯಲ್ಲಿ ಒಂದು ಗುಡಿಯ ಜಗುಲಿಯಲ್ಲಿ ಮಕ್ಕಳು ಲೆಕ್ಕ ಕಲಿಯುವುದನ್ನು ಕಂಡು, ಅದನ್ನು ತನ್ನ ಪತ್ರದಲ್ಲಿ ಮೆಚ್ಚಿ ಬರೆದಿದ್ದಾನೆ. ಒಬ್ಬ ರಾಗವಾಗಿ ಹೇಳುತ್ತಿದ್ದ, ಉಳಿದವರು ಅದನ್ನೇ ಹೇಳುತ್ತ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿಂದ ಬರೆಯುತ್ತಿದ್ದರು. ಬಾಯಿ, ಕಿವಿ, ಕೈ ಮೂರೂ ಕೂಡಿ ಕಲಿಯುವ ಆ ಕ್ರಮ ಇಟಾಲಿಯನ್ನಿಗೂ ಒಪ್ಪುತ್ತದೆ. ಮೊಬೈಲಿನಲ್ಲಿ ಕೇಳಿದ್ದನ್ನು ಗಟ್ಟಿಯಾಗಿ ಹೇಳಿ, ಹೇಳಿದ್ದನ್ನು ಬರೆಯಿರಿ. ಮನೆಯಲ್ಲಿ ಇಬ್ಬರು ಜೊತೆಯಾದರೆ ಇನ್ನೂ ಒಳ್ಳೆಯದು.

ಅಲ್ಲಿ ಹೆಚ್ಚು ಕಾಲ ಇರಬೇಕೆನ್ನುವವರಿಗೆ ಭಾಷೆ ಕಾನೂನಿನ ಅಗತ್ಯವೂ ಹೌದು. ದೀರ್ಘಾವಧಿ ವಾಸದ ಪರವಾನಗಿಗೆ 2010ರ ಡಿಸೆಂಬರಿನಿಂದ ಎ2 ಎಂಬ ಆರಂಭಿಕ ಮಟ್ಟದ ಇಟಾಲಿಯನ್ ಬೇಕು. ಪೌರತ್ವಕ್ಕೆ 2018ರ ಡಿಸೆಂಬರಿನಿಂದ ಅದಕ್ಕಿಂತ ಮೇಲಿನ ಬಿ1 ಮಟ್ಟ ಬೇಕು. ಪೆರೂಜಾ ಮತ್ತು ಸಿಯೆನಾ ನಗರಗಳಲ್ಲಿ ವಿದೇಶಿಯರಿಗಾಗಿಯೇ ಇರುವ ವಿಶ್ವವಿದ್ಯಾಲಯಗಳು ಈ ಮಟ್ಟಗಳ ಪರೀಕ್ಷೆಗಳನ್ನು ನಡೆಸುತ್ತವೆ. 1889ರಲ್ಲಿ ಸ್ಥಾಪನೆಯಾದ ದಾಂತೆ ಅಲಿಗಿಯೇರಿ ಸಂಘದ ಪರೀಕ್ಷೆಯೂ ಇದೆ. ಸರ್ಕಾರದ ವಯಸ್ಕರ ಶಿಕ್ಷಣ ಕೇಂದ್ರಗಳು ಹೊರಗಿನಿಂದ ಬಂದವರಿಗೆ ಪಾಠ ಹೇಳುತ್ತವೆ. ಹೋದ ಮೊದಲ ತಿಂಗಳಲ್ಲೇ ಅಲ್ಲಿ ಹೆಸರು ಬರೆಸಿಕೊಳ್ಳಿ.

ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಲ್ಲಿ ಒಂದು ವಿನಂತಿ. ಸೂಟ್‌ಕೇಸು, ಸ್ವೆಟರು, ಉಪ್ಪಿನಕಾಯಿಯ ತಯಾರಿ ಹೇಗೂ ಮಾಡುತ್ತೀರಿ. ವೀಸಾಕ್ಕೆ ಅರ್ಜಿ ಹಾಕಿದ ದಿನವೇ ಒಂದು ನೋಟ್‌ಬುಕ್ ಕೊಡಿಸಿ, ಕನ್ನಡ ಅಕ್ಷರದಲ್ಲಿ ಇಟಾಲಿಯನ್ ಉಚ್ಚಾರಣೆ ಬರೆಸಿ, ದಿನಕ್ಕೆ ಅರ್ಧ ಗಂಟೆ ಅವರ ಜೊತೆ ಕೂತು ಗಟ್ಟಿಯಾಗಿ ಹೇಳಿಸಿ. ನೀವೂ ಹೇಳಿ. ಮಕ್ಕಳನ್ನು ನೋಡಲು ಹೋದಾಗ ಆ ಪದಗಳು ನಿಮಗೂ ಬೇಕಾಗುತ್ತವೆ.